ಬೋರನೂ ಅಚ್ಚು ತಪ್ಪಿದ ನಾಣ್ಯವೂ

ಒಂದೂರಲ್ಲಿ ಒಬ್ಬ ಪೆದ್ದ ಇದ್ದ ಅಂದ ಕೂಡಲೇ ಹಲ್ಲು ಬಿಡಬೇಡಿ, ಕತೆ ಇನ್ನೂ ಶುರುವಾಗಿಲ್ಲ. ಊರು ಸಂತೇಪಾಳ್ಯ. ಪೆದ್ದನ ಹೆಸರು ಬೋರ. ಅವನಿಗೆ ಇದ್ದದ್ದು ತಾಯಿ ಒಬ್ಬಳೇ, ಚೆಲುವವ್ವ. ಬಸ್ ಸ್ಟ್ಯಾಂಡಿನಲ್ಲಿ ಬೇವಿನ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಬೇಯಿಸಿದ ಕಡ್ಲೇಕಾಯಿ ಮಾರೋಳು.

ಬೋರನಿಗೆ ಮೂವತ್ತು ದಾಟಿತ್ತು. ಆಳೆತ್ತರದ ಮೈ, ಮುಖದ ತುಂಬ ಗಡ್ಡ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ. "ಬಾಗಿಲು ನೋಡ್ಕಳ್ಲಾ" ಅಂದರೆ ಬಾಗಿಲನ್ನೇ ನೋಡುತ್ತಾ ಕೂರೋನು. ಹಿತ್ತಲಿಂದ ನಾಯಿ ಬಂದು ಅನ್ನ ತಿಂದು, ಮುಂಬಾಗಿಲಿಂದ ಅವನ ಮುಂದೆಯೇ ಆಚೆ ಹೋಗೋದು. "ನಾಯಿ ಬಂತಲ್ಲೋ!" ಅಂದರೆ, "ಬಾಗಿಲು ಅಲ್ಲೇ ಐತಲ್ಲವ್ವಾ" ಅನ್ನೋನು. ಚೆಲುವವ್ವ ಹಣೆ ಹಣೆ ಚಚ್ಚಿಕೊಳ್ಳೋಳು.

ಅವಳಿಗೆ ಎದೆನೋವು ಬೇರೆ. ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ಏದುಸಿರು ಬರುತ್ತಿತ್ತು. ತನ್ನ ಚಿಂತೆ ಅವಳಿಗಿರಲಿಲ್ಲ, ತಾನು ಹೋದ ಮೇಲೆ ಇವನ ಗತಿ ಏನು ಅನ್ನೋದೊಂದೇ ಚಿಂತೆ. ಬುಟ್ಟಿ ಹೊತ್ತು ಬಸ್ಸಿಂದ ಬಸ್ಸಿಗೆ ಓಡೋದು ಇವನ ಕೈಲಾಗದ ಮಾತು. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಪೆಟ್ಟಿಗೆ ಅಂಗಡಿ ಮಾರಾಟಕ್ಕೆ ನಿಂತಿತ್ತು. ಚೆಲುವವ್ವ ದಿನಾ ಅದನ್ನು ನೋಡೋಳು. "ಇವನನ್ನ ಅದರೊಳಕ್ಕೆ ಕೂರಿಸಿಬುಟ್ರೆ ನಾನು ನಿಶ್ಚಿಂತೇಲಿ ಕಣ್ಮುಚ್ಚೇನು" ಅನ್ನೋಳು. ಅವಳಿಗೆ ಬೇಕಾದದ್ದು ಅಷ್ಟೇ.

ಒಂದು ದಿನ ಎದೆ ಹಿಡಿದುಕೊಂಡು, ಅವನನ್ನೇ ಬುಟ್ಟಿಯ ಮುಂದೆ ಕೂರಿಸಿದಳು.

"ಲೋ ಬೋರ, ಜನ ಹರಕು ನೋಟು, ಸವಕಲು ಚಿಲ್ಲರೆ ತಳ್ಳಿಬುಡ್ತಾರೆ. ಚಿಲ್ಲರೇನ ಚೆನ್ನಾಗಿ ನೋಡಿ ಈಸ್ಕೊ!"

"ಆಯ್ತವ್ವ."

ನೋಡಿದ. ಹೆಂಗೆ ನೋಡಿದ ಅಂತೀರಿ! ಒಬ್ಬರು ಎರಡು ರೂಪಾಯಿ ನಾಣ್ಯ ಕೊಟ್ಟರೆ ಅದನ್ನು ಕಣ್ಣಿಗೆ ಹತ್ತಿರ ಹಿಡಿದ. ದೂರ ಹಿಡಿದ. ಬಿಸಿಲಿಗೆ ಹಿಡಿದ. ಬಸ್ಸು ಹಾರನ್ ಹೊಡೆಯಿತು. ಇವನು ನೋಡುತ್ತಲೇ ಇದ್ದ. ಬಸ್ಸು ಹೋಯಿತು. ನಾಣ್ಯ ಕೊಟ್ಟವರು ಡ್ರಾಯಿಂಗ್ ಮೇಷ್ಟ್ರು ಪದ್ಮರಾಜಯ್ಯ, ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿ ನಾಣ್ಯ ಕೂಡಿಡೋ ಹುಚ್ಚು ಹಚ್ಚಿಕೊಂಡಿದ್ದವರು. ಪಾಪ, ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿ ವಾಪಸು ಬಂದರು.

"ಏನಯ್ಯಾ, ನಾಣ್ಯ ನೋಡ್ತಾ ಇದೀಯೋ, ಜಾತಕ ನೋಡ್ತಾ ಇದೀಯೋ?"

"ಇದು ಬ್ಯಾಡ ಮೇಷ್ಟ್ರೆ, ಬೇರೆ ಕೊಡಿ. ಇದು ಸರಿ ಇಲ್ಲ."

"ಏನಾಗಿದೆ ಅದಕ್ಕೆ? ಹೊಸದು!"

ಬೋರ ನಾಣ್ಯವನ್ನು ಪುಸ್ತಕದ ಹಾಳೆ ತಿರುವಿದ ಹಾಗೆ ತಿರುವಿ ತೋರಿಸಿದ. "ನೋಡಿ, ಸಿಂಹ ನೆಟ್ಟಗೆ ನಿಂತೈತೆ. ತಿರುಗಿಸಿದ್ರೆ ಹಿಂದಗಡೆ ಎರಡು ಅನ್ನೋದು ಮಲಗಿಬುಡ್ತದೆ. ಬ್ಯಾರೆ ನಾಣ್ಯದಲ್ಲಿ ಹಂಗಿಲ್ಲ. ಅದೂ ನಿಂತಿರ್ತದೆ."

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ನಿಜ! ಅವರದೇ ಜೇಬಲ್ಲಿದ್ದ ನಾಣ್ಯ, ಅವರ ಕಣ್ಣಿಗೇ ಬಿದ್ದಿರಲಿಲ್ಲ.

ಅಷ್ಟರಲ್ಲಿ ಚೆಲುವವ್ವ ಏದುಸಿರು ಬಿಡುತ್ತಾ ಬಂದಳು. "ಅಯ್ಯೋ, ಮೇಷ್ಟ್ರ ಬಸ್ಸು ತಪ್ಪಿಸಿದ್ಯೇನ್ಲಾ! ತಪ್ಪಾಯ್ತು ಮೇಷ್ಟ್ರೆ, ಇವನಿಗೆ ಬುದ್ಧಿ ಇಲ್ಲ."

"ಬುದ್ಧಿ ಬಿಡಮ್ಮ, ಕಣ್ಣಿದೆಯಲ್ಲ!" ಅಂದರು ಮೇಷ್ಟ್ರು. ಅಲ್ಲೇ ಕೂತು ಬಿಡಿಸಿ ಹೇಳಿದರು. ಟಂಕಸಾಲೆಯಲ್ಲಿ ನಾಣ್ಯಕ್ಕೆ ಎರಡು ಅಚ್ಚು. ಮೇಲಿಂದ ಒಂದು, ಕೆಳಗಿಂದ ಒಂದು ಒತ್ತುತ್ತವೆ. ಒಂದು ಅಚ್ಚು ತಿರುಗಿಕೊಂಡರೆ ಹೀಗಾಗುತ್ತೆ. ಸರಿದುಕೊಂಡರೆ ಚಿತ್ರ ಅರ್ಧಕ್ಕೇ ನಿಲ್ಲುತ್ತೆ. ಅಂಥವನ್ನು ಅಲ್ಲೇ ಆರಿಸಿ ಕರಗಿಸಿಬಿಡುತ್ತಾರೆ. ಎಲ್ಲೋ ಒಂದು ಕಣ್ತಪ್ಪಿ ಆಚೆ ಬಂದರೆ ಅದಕ್ಕೆ ಬೆಲೆ. ಇದು ಸಣ್ಣ ತಪ್ಪು, ಸಣ್ಣ ಬೆಲೆ. ಅಪರೂಪದ್ದು ಸಿಕ್ಕಿದರೆ ನಾಣ್ಯ ಕೊಳ್ಳೋ ಮೈಸೂರಿನವರು ಬಂದು ಕೈತುಂಬ ಕೊಟ್ಟು ತಗೊಂಡು ಹೋಗುತ್ತಾರೆ.

"ಪೆಟ್ಟಿಗೆ ಅಂಗಡಿ ಬರೋವಷ್ಟಾ ಮೇಷ್ಟ್ರೆ?" ಚೆಲುವವ್ವನ ದನಿ ಇಳಿದಿತ್ತು.

"ಅಪರೂಪದ್ದೇ ಆದರೆ, ಒಳಗಿನ ಸಾಮಾನೂ ಬರುತ್ತೆ" ಅಂದರು ಮೇಷ್ಟ್ರು. ಬೋರನ ಕಡೆ ತಿರುಗಿ, "ನೋಡಪ್ಪ, ಇವತ್ತಿಂದ ಎಲ್ಲಿ ತಪ್ಪು ಕಂಡರೂ ತೆಗೆದುಕೊಂಡು ನೇರ ನನ್ನ ಹತ್ತಿರ ಬಾ!" ಅಂದರು.

"ಆಯ್ತು ಮೇಷ್ಟ್ರೆ."

ಮಾರನೇ ದಿನ ಬಂದನಲ್ಲ! ಒಂದು ಚೀಲದಲ್ಲಿ ಮೊಂಡಾದ ನಾಣ್ಯ, ಸೊಟ್ಟ ನಾಣ್ಯ, ತೂತು ಬಿದ್ದ ನಾಣ್ಯ, ಟಾರು ಮೆತ್ತಿದ ನಾಣ್ಯ. ಬಗಲಲ್ಲಿ ಕ್ಷೌರದಂಗಡಿಯ ಬೋರ್ಡು. ಹಿಂದೆಯೇ ಬಾಯಿ ಬಡಿದುಕೊಂಡು ಕ್ಷೌರದಂಗಡಿಯವನು.

"ಬೋರ್ಡು ಯಾಕೋ ಕಿತ್ತುಕೊಂಡು ಬಂದೆ?"

"ಶಾಲೆ ಹುಡುಗರು ಓದಿ ನಗ್ತಾ ಇದ್ರು ಮೇಷ್ಟ್ರೆ. 'ಕಟಿಂಗ್' ಅಂತ ಬರೀಬೇಕಾದ್ದು 'ಕಟ್ಟಿಂಗ್' ಅಂತ ಬರ್ದವ್ರೆ, ತಪ್ಪೈತೆ ಅಂದ್ರು. ನೀವೇ ಅಲ್ವಾ, ಎಲ್ಲಿ ತಪ್ಪು ಕಂಡರೂ ತಗೊಂಡು ಬಾ ಅಂದದ್ದು!"

ಮೇಷ್ಟ್ರು ಬೋರ್ಡು ವಾಪಸು ಕೊಟ್ಟು, ಕೈ ಮುಗಿದು ಕಳಿಸಿದರು. ಆಮೇಲೆ ಚೀಲ ಸುರಿದು ಒಂದೊಂದನ್ನೇ ತೋರಿಸಿದರು. "ಇದು ಸವೆದದ್ದು. ಇದು ಯಾರೋ ಸುತ್ತಿಗೇಲಿ ಬಡಿದದ್ದು. ಇದು ರೈಲು ಹತ್ತಿ ಚಪ್ಪಟೆಯಾದದ್ದು. ಇವು ತಪ್ಪಲ್ಲ ಕಣೋ, ಪೆಟ್ಟು! ಊರೂರು ಅಲೆದು ಬಿದ್ದ ಪೆಟ್ಟಿಗೆ ಬೆಲೆಯಿಲ್ಲ. ಹುಟ್ಟಿನಲ್ಲೇ ಇರಬೇಕು ತಪ್ಪು. ಹುಟ್ಟಿನಲ್ಲೇ! ಅಂಥದ್ದಕ್ಕೇ ಬೆಲೆ. ತಿಳೀತಾ?"

"ತಿಳೀತು ಮೇಷ್ಟ್ರೆ. ಹುಟ್ಟಿನಲ್ಲೇ."

ತಿಳಿದದ್ದು ಏನು ಅಂತ ಕೇಳಿ. ಆ ವಾರ ಎದುರು ಬೀದಿಯಲ್ಲಿ ಮಗುವಿಗೆ ತೊಟ್ಟಿಲು ಹಾಕುವ ಶಾಸ್ತ್ರ. ಚೆಲುವವ್ವ ಮಗನನ್ನೂ ಕರೆದುಕೊಂಡು ಹೋದಳು. ಹೆಂಗಸರು ಸೋಬಾನೆ ಹೇಳುತ್ತಿದ್ದರು. ಬೋರ ತೊಟ್ಟಿಲಿಗೆ ಬಗ್ಗಿ ನೋಡಿದ. ಮಗುವಿನ ಎಡಗೈಯಲ್ಲಿ ಆರನೇ ಬೆರಳು ಇತ್ತು.

"ಸಿಕ್ತು! ಸಿಕ್ತು!" ಅಂತ ಕುಣಿದ. "ಹುಟ್ಟಿನಲ್ಲೇ ತಪ್ಪೈತೆ! ಎತ್ಕೊಳ್ಳಿ, ಮೇಷ್ಟ್ರ ಹತ್ರ ಹೋಗಾನ! ಒಳ್ಳೇ ಬೆಲೆ ಬತ್ತದೆ!"

ಸೋಬಾನೆ ನಿಂತಿತು. ಬಾಣಂತಿ ಅಳೋಕೆ ಶುರುಮಾಡಿದಳು. ಮಗುವಿನ ಅಜ್ಜಿ ಎದ್ದು ಬಂದವಳೇ, "ನನ್ನ ಮೊಮ್ಮಗೂಗೆ ತಪ್ಪು ಅಂತೀಯಾ! ಹುಟ್ಟಿನಲ್ಲೇ ತಪ್ಪಿರೋನು ನೀನು ಕಣೋ! ನೀನು! ಎದ್ದು ಆಚೆ ನಡಿ!" ಅಂದಳು. ಚೆಲುವವ್ವ ಅಲ್ಲೇ ನಿಂತಿದ್ದಳು. ಅಷ್ಟು ಹೆಂಗಸರ ಮುಂದೆ ಆ ಮಾತು ಕೇಳಿಸಿಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಹೋದಳು. ನಗೋದಾದರೆ ಇಲ್ಲಿ ನಗಬೇಡಿ, ನನಗೆ ಸಿಟ್ಟು ಬರುತ್ತೆ.

ಬೋರ ಮಾತ್ರ ಮನೆಗೆ ಹೋಗಲಿಲ್ಲ. ನೇರ ಮೇಷ್ಟ್ರ ಮನೆಗೆ ಓಡಿದ. ಜಗಲಿ ಹತ್ತಿ, ಅಂಗಿ ಬಿಚ್ಚಿ, ಕೈ ಚಾಚಿ ನಿಂತ.

"ಇದೇನೋ ಇದು?"

"ನನ್ನ ತಗೊಳ್ಳಿ ಮೇಷ್ಟ್ರೆ."

"ಏನಂದೆ?"

"ಹುಟ್ಟಿನಲ್ಲೇ ತಪ್ಪಿರೋನು ನಾನಂತೆ. ಆ ಅಜ್ಜಿ ಹೇಳಿದ್ಲು, ಎಲ್ಲಾರೂ ಕೇಳ್ಕಂಡವ್ರೆ. ನೋಡಿ, ಭೂತಗನ್ನಡಿ ಹಿಡಿದು ನೋಡಿ. ಮೈಸೂರಿನೋರಿಗೆ ಹೇಳಿ. ದುಡ್ಡು ನಂಗೆ ಬ್ಯಾಡ, ಅವ್ವನ ಕೈಗೆ ಕೊಡಿ."

ಮೇಷ್ಟ್ರು ಎದ್ದು, ಅವನಿಗೆ ತಾವೇ ಅಂಗಿ ತೊಡಿಸಿ, ಗುಂಡಿ ಹಾಕಿದರು. ಒಳಗಿಂದ ಕಾಫಿ ತರಿಸಿ ಕುಡಿಸಿದರು. ನನಗೆ ಕೇಳಿದರೆ ಅವತ್ತು ಅವರು ಏನೂ ಹೇಳದೆ ಕಳಿಸಬೇಕಿತ್ತು. ಆದರೆ ಮೇಷ್ಟ್ರಲ್ಲವೇ, ಪಾಠ ಹೇಳದೆ ಇರೋಕಾಗುತ್ತಾ?

"ಬೋರ, ಒಂದು ಕಡೆ ನೋಡಿ ಮಾತಾಡೋರು ಹಾಗೇ ಆಡ್ತಾರೆ. ನೀನು ಹಾಗೆ ಮಾಡಬೇಡ. ಯಾವುದೇ ಆಗಲಿ, ಎರಡೂ ಕಡೆ ನೋಡದೆ ಬಾಯಿ ಬಿಡಬೇಡ."

"ಆಯ್ತು ಮೇಷ್ಟ್ರೆ. ಎರಡೂ ಕಡೆ."

ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು, "ಕಡ್ಲೇಕಾಯಿ ಹೆಂಗಪ್ಪಾ?" ಅಂದರು. ಬೋರ ಬಾಯಿ ಬಿಡಲಿಲ್ಲ. ಎದ್ದ. ಅವರ ಮುಂದೆ ನಿಂತು ನೋಡಿದ. ಸುತ್ತಿ ಹೋಗಿ ಬೆನ್ನು ನೋಡಿದ. ವಾಪಸು ಬಂದು ಕೂತು, "ಸೇರಿಗೆ ಇಪ್ಪತ್ತು" ಅಂದ. ಅವರು ಬೆನ್ನಿಗೆ ಏನೋ ಅಂಟಿದೆ ಅಂತ ಅಂಗಿ ಕೊಡವಿಕೊಂಡು ಹೋದರು. ಇನ್ನೊಬ್ಬ ಹೆಂಗಸು ಬಂದಳು. ಅವಳ ಬೆನ್ನ ಹಿಂದಕ್ಕೂ ಹೋದ. ಅವಳು ತಿರುಗಿ ಕೊಡೆಯಲ್ಲಿ ಒಂದು ಬಿಟ್ಟಳು. ಪೊಲೀಸಿನವನು ಬಂದು, "ಏನೋ ನಿನ್ನ ಗಲಾಟೆ?" ಅಂದ. ಅವನನ್ನೂ ಸುತ್ತು ಹಾಕಿದ!

ಚೆಲುವವ್ವ ಪೊಲೀಸಿನವನ ಕಾಲು ಹಿಡಿದು ಬಿಡಿಸಿಕೊಂಡಳು. "ಮನುಷ್ಯರನ್ನಲ್ಲ ಕಣ್ಲಾ ಸುತ್ತೋದು! ನಾಣ್ಯಾನ! ನಾಣ್ಯಾನ ಎರಡೂ ಕಡೆ ನೋಡು! ಬ್ಯಾರೆ ಏನನ್ನೂ ನೋಡಬ್ಯಾಡ!"

"ಆಯ್ತವ್ವ. ನಾಣ್ಯ ಮಾತ್ರ."

ಅಲ್ಲಿಂದ ನಾಣ್ಯ ಮಾತ್ರ ನೋಡಿದ. ಬೆಳಗ್ಗೆ ನೋಡಿದ, ಮಧ್ಯಾಹ್ನ ನೋಡಿದ. ಕಡ್ಲೇಕಾಯಿ ಕೋತಿ ತಿಂದರೂ ನಾಣ್ಯವನ್ನೇ ನೋಡಿದ. ಹಿಂಗೇ ಇರೋವಾಗ ಒಂದು ಸಾಯಂಕಾಲ ಒಂದು ನಾಣ್ಯ ಹಿಡಿದುಕೊಂಡು ತಾಯಿಯ ಹತ್ತಿರ ಬಂದ.

"ಅವ್ವಾ, ಇದಕ್ಕೆ ಎರಡು ಕಡೇನೂ ಸಿಂಹ!"

ಚೆಲುವವ್ವ ನೋಡಿದಳು. ಒಂದು ಕಡೆ ಸಿಂಹ ಉಬ್ಬಿ ನಿಂತಿತ್ತು. ಇನ್ನೊಂದು ಕಡೆ ಅದೇ ಸಿಂಹ ತಗ್ಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕೂತಿತ್ತು. ಒಂದು ಅಂತಲೂ ಇಲ್ಲ, ಎರಡು ಅಂತಲೂ ಇಲ್ಲ. "ಅಯ್ಯೋ ಹಾಳಾದೋನೆ, ಇದು ಎಷ್ಟರದು ಅಂತಾನೇ ಬರ್ದಿಲ್ವಲ್ಲೋ! ಯಾವನೋ ನಿಂಗೆ ಟೋಪಿ ಹಾಕವ್ನೆ!"

ಆದರೂ ಮೇಷ್ಟ್ರಿಗೆ ತೋರಿಸೋಣ ಅಂತ ಹೋದರು. ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದವರೇ ಎದ್ದು ನಿಂತರು.

"ಚೆಲುವಮ್ಮ, ಇದೇ ಕಣಮ್ಮ! ಇದಕ್ಕೆ ಮುಂಚೆ ಒತ್ತಿದ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದುಬಿಟ್ಟಿದೆ. ಇದು ಬಂದಾಗ ಅಚ್ಚಿನ ಬದಲು ಆ ನಾಣ್ಯವೇ ಇದಕ್ಕೆ ಒತ್ತಿಕೊಂಡಿದೆ. ಒಂದರ ಮುಖ ಇನ್ನೊಂದರ ಮೈಯಲ್ಲಿ ಉಳಿದಿದೆ ನೋಡು! ಇಂಥದ್ದನ್ನ ನಾನು ಚಿತ್ರದಲ್ಲಿ ನೋಡಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ." ಅಲ್ಲೇ ಮೈಸೂರಿನ ಶ್ರೀಕಂಠಪ್ಪನವರಿಗೆ ಫೋನ್ ಮಾಡಿದರು. ನಾಣ್ಯ ಕೊಳ್ಳುವ ದೊಡ್ಡ ಆಸಾಮಿ ಅವರು. ಮುಂದಿನ ವಾರ ಬರುತ್ತೇನೆ, ಯಾರಿಗೂ ಕೊಡಬೇಡಿ, ಪೆಟ್ಟಿಗೆ ಅಂಗಡಿಯೇನು, ಅದರ ಪಕ್ಕದ್ದೂ ಬರುವಷ್ಟು ಕೊಡುತ್ತೇನೆ ಅಂದರು.

ಚೆಲುವವ್ವ ಜಗಲಿಯ ಕಂಬ ಹಿಡಿದುಕೊಂಡು ಕೂತುಬಿಟ್ಟಳು. ಮಗನ ಗಡ್ಡ ಸವರಿದಳು. ಎಷ್ಟೋ ವರ್ಷದ ಮೇಲೆ ನಕ್ಕಳು.

ಮನೆಗೆ ಬಂದು ನಾಣ್ಯವನ್ನು ಅವನ ಕೈಗೇ ಕೊಟ್ಟಳು. ಅವನೇ ಹುಡುಕಿದ್ದು, ಅವನೇ ಇಡಲಿ ಅಂತ. "ಮಗಾ, ಜ್ವಾಪಾನ. ಯಾರಿಗೂ ಗೊತ್ತಾಗದಂಗೆ ಮಡಗು!"

"ಆಯ್ತವ್ವ."

ಇಟ್ಟ. ಎಲ್ಲಿ ಇಟ್ಟ ಅಂತ ಕೇಳಿ. ಚಿಲ್ಲರೆ ಡಬ್ಬದಲ್ಲಿ ಇಟ್ಟ! ನಾಣ್ಯದ ಜೊತೆ ನಾಣ್ಯ ಸೇರಿಸಿ, ಡಬ್ಬ ಗಲಗಲ ಅಲ್ಲಾಡಿಸಿ, ಮುಚ್ಚಳ ಹಾಕಿದ. ಬೆಳಗ್ಗೆ ಚೆಲುವವ್ವ ಅದೇ ಡಬ್ಬ ಹೊತ್ತುಕೊಂಡು ಹೋಗಿ, ಬಂದವರಿಗೆಲ್ಲ ಚಿಲ್ಲರೆ ಕೊಟ್ಟಳು. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು.

"ಎಲ್ಲಿ ಮಡಗಿದೀಯ ಕಂದ?"

"ಡಬ್ಬದಲ್ಲಿ ಕಣವ್ವ. ಅಷ್ಟು ನಾಣ್ಯದಲ್ಲಿ ಅದು ಯಾವುದು ಅಂತ ಯಾರಿಗೂ ಗೊತ್ತಾಗಕಿಲ್ಲ. ಈಗ ನಂಗೂ ಗೊತ್ತಾಗಕಿಲ್ಲ!"

ಅನ್ನದ ತಟ್ಟೆ ಅಲ್ಲೇ ಬಿಟ್ಟಳು. ಡಬ್ಬ ಗೋಣಿಚೀಲದ ಮೇಲೆ ಸುರಿದಳು. ಒಂದೊಂದನ್ನೇ ತಿರುವಿದಳು. ಮುಕ್ಕಾಲು ಪಾಲು ಮುಗಿಯಿತು, ಇಲ್ಲ. ಇನ್ನಷ್ಟು ತಿರುವಿದಳು, ಇಲ್ಲ. ಕೊನೆಗೆ ಡಬ್ಬದ ತಳದಲ್ಲಿ, ಕಡ್ಲೇಕಾಯಿ ಕೈಯಿಂದ ಮೆತ್ತಿದ ಉಪ್ಪಿನ ಜೊತೆ ಅಂಟಿಕೊಂಡಿತ್ತು. ಚೆಲುವವ್ವ ಅದನ್ನು ಎದೆಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಬೈದಳು. ಅಂಥ ಬೈಗುಳ ಅವನು ಯಾವತ್ತೂ ಕೇಳಿರಲಿಲ್ಲ.

"ಎಲ್ಲಾ ಒಂದೇ ಥರ ಇರೋವುಗಳ ಮಧ್ಯ ಬುಟ್ರೆ ಹೆಂಗ್ಲಾ ಸಿಕ್ಕಾತು! ಕಳಕೋಬಾರದು ಅಂತ ಯಾವುದೈತೋ ಅದಕ್ಕೊಂದು ಗುರುತು ಮಡಗಬೇಕು ಕಣೋ, ಗುರುತು! ಗುರುತಿದ್ರೆ ಎಂಥಾ ಗುಂಪಲ್ಲಿದ್ರೂ ಸಿಕ್ತದೆ!"

"ಆಯ್ತವ್ವ. ಕಳಕೋಬಾರದ್ದಕ್ಕೆ ಗುರುತು."

ನಾಣ್ಯವನ್ನು ಕೆಂಪು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಅವನ ಉಡಿದಾರಕ್ಕೆ ಬಿಗಿದಳು.

ಅವತ್ತು ಮಲಗಿದವಳು ಸರಿಯಾಗಿ ಏಳಲಿಲ್ಲ. ಆಸ್ಪತ್ರೆಗೆ ಹೋಗೋಣ ಅಂದರೆ, ಮೈಸೂರಿನವರು ಬಂದು ಹೋಗಲಿ ಅನ್ನೋಳು. ಮೈಸೂರಿನವರು ಬರೋದಕ್ಕೆ ಮೊದಲೇ ಒಂದು ಬೆಳಗ್ಗೆ ಉಸಿರು ನಿಂತಿತು. ಬೋರ ತಲೆದೆಸೆಯಲ್ಲೇ ಕೂತಿದ್ದ. ಏಳಿಸಬೇಡ ಅಂತ ಅವಳೇ ಹೇಳಿದ್ದಳು, ಏಳಿಸಲಿಲ್ಲ. ಹಸಿ ಕಡ್ಲೇಕಾಯಿ ತೂಗಿ ಕೊಡೋಕೆ ಬಂದ ಆಳು ನೋಡಿ ಕೂಗಿದ ಮೇಲೆ ಊರಿಗೆ ತಿಳಿಯಿತು.

ಸೋದರಮಾವ ನಿಂಗೇಗೌಡ ಹಳ್ಳಿಯಿಂದ ಓಡಿಬಂದ. ಚೆಲುವವ್ವನ ಮೈ ತೊಳೆದು, ವಿಭೂತಿ ಬಳಿದು, ಜಗಲಿಯ ಮೇಲೆ ಮಲಗಿಸಿದರು. ಹೋಗೋರು ಬರಿದಾಗಿ ಹೋಗಬಾರದು ಅಂತ ಹಣೆಯ ಮೇಲೆ ಒಂದು ನಾಣ್ಯ ಇಡೋದು ನಮ್ಮ ಕಡೆ ಪದ್ಧತಿ, ನಿಮಗೆ ಗೊತ್ತಲ್ಲ.

"ಬೋರ, ಬಾಪ್ಪ, ಅವ್ವನ ಹಣೆಗೆ ನೀನೇ ನಾಣ್ಯ ಇಡಬೇಕು" ಅಂತ ಮಾವ ಒಂದು ರೂಪಾಯಿ ಅವನ ಕೈಗಿಟ್ಟ.

ಬೋರ ಎದ್ದು ಬಂದ. ಸುತ್ತ ನಿಂತವರಿಗೆ ಬೆನ್ನು ಮಾಡಿ ಬಗ್ಗಿದ. ವಿಭೂತಿ ಹಸಿಯಾಗಿತ್ತು, ನಾಣ್ಯವನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದ. ಎಲ್ಲರೂ ಅಳುತ್ತಿದ್ದರು, ಯಾರು ನೋಡುತ್ತಾರೆ? ಹೂವು ಹಾಕಿದರು, ಎತ್ತಿದರು, ಮಣ್ಣು ಮಾಡಿದರು.

ಹಾಲು ತುಪ್ಪ ಬಿಡುವ ದಿನ ಮೇಷ್ಟ್ರು ಶ್ರೀಕಂಠಪ್ಪನವರನ್ನು ಕರೆದುಕೊಂಡು ಬಂದರು. ಹೊತ್ತಲ್ಲದ ಹೊತ್ತು ಅಂತ ಇಬ್ಬರಿಗೂ ಸಂಕೋಚ. ಆದರೆ ಚೆಲುವವ್ವನ ಆಸೆ ಅದೊಂದೇ ಆಗಿತ್ತಲ್ಲ, ಅಂಗಡಿಯ ಮಾತು ಮುಗಿಸಿಯೇ ಹೋಗೋಣ ಅಂತ ಮೇಷ್ಟ್ರ ಹಟ. ಮಾವನಿಗೆ ಎಲ್ಲ ಹೇಳಿದರು. ಮಾವನ ಮುಖ ಅರಳಿತು.

"ಬೋರ, ನಾಣ್ಯ ತಗೀಪ್ಪ."

ಬೋರ ಉಡಿದಾರದ ಗಂಟು ಬಿಚ್ಚಿದ. ಕೆಂಪು ಬಟ್ಟೆಯೊಳಗೆ ಹೊಳೆಯೋ ಹೊಸ ಒಂದು ರೂಪಾಯಿ. ಮೇಷ್ಟ್ರು ಹಿಂದೆ ಮುಂದೆ ತಿರುಗಿಸಿದರು. ಒಂದು ಕಡೆ ಸಿಂಹ, ಇನ್ನೊಂದು ಕಡೆ ಒಂದು.

"ಇದಲ್ಲ ಕಣೋ. ಅದೆಲ್ಲಿ?"

"ಅದು ಅವ್ವನ ಹಣೇಲೈತೆ. ಅವ್ವನಿಗೆ ಅಂತ ಮಾವ ಕೊಟ್ಟ ರೂಪಾಯಿ ಇದು."

ಮಾವ ಎದ್ದ. "ಮಣ್ಣಿಗೆ ಹಾಕಿದ್ಯೇನೋ! ಅದು ನಿನ್ನ ಅಂಗಡಿ ಕಣೋ! ನಿನ್ನ ಅನ್ನ ಕಣೋ! ಜೀವ ತೇದು ಸತ್ತಳಲ್ಲೋ ನಮ್ಮಕ್ಕ, ಪೆದ್ದ ಮುಂಡೇದೇ, ಅದನ್ನ ಅವಳ ಜೊತೇಲೇ ಹೂತು ಬಂದ್ಯೇನೋ!" ಅಂತ ಕೂಗಾಡಿದ. ಗೋಡೆಗೆ ಒರಗಿಸಿದ್ದ ಗುದ್ದಲಿಗೆ ಕೈ ಹಾಕಿದ. "ಅಗೀತೀನಿ. ಈಗಲೇ ಹೋಗಿ ಅಗೀತೀನಿ. ಅಕ್ಕನ್ನ ಕೇಳಿದ್ರೂ ಅಗೀ ಅಂತಾನೇ ಅಂತಿದ್ಲು!"

ಬೋರ ಎದ್ದು ಬಾಗಿಲಿಗೆ ಅಡ್ಡ ನಿಂತ. ಹುಟ್ಟಿದಾಗಿನಿಂದ ಯಾರಿಗೂ ಅಡ್ಡ ನಿಂತವನಲ್ಲ.

"ತಗೀಬ್ಯಾಡ ಮಾವ. ಅವ್ವನೇ ಹೇಳಿದ್ದು, ಕಳಕೋಬಾರದ್ದಕ್ಕೆ ಗುರುತು ಮಡಗು ಅಂತ. ಅಲ್ಲಿ ಎಷ್ಟೊಂದು ಜನ ಅವ್ವಂದಿರು ಇರ್ತಾರೆ! ಎಲ್ಲಾರ ಹಣೇಲೂ ಒಂದೇ ಥರ ರೂಪಾಯಿ. ಅದರ ಮಧ್ಯ ಬುಟ್ರೆ ನಾಳೆ ನಾನು ಹೋದಾಗ ಹೆಂಗ್ ಹುಡುಕಲಿ? ಒಬ್ಬೊಬ್ಬರದೇ ಹಣೆ ನೋಡ್ಕೊಂಡು ಹೋಯ್ತೀನಿ. ನೋಡಾಕೆ ನಂಗೆ ಬತ್ತದೆ, ಮೇಷ್ಟ್ರೇ ಹೇಳವ್ರೆ. ಎರಡು ಕಡೇನೂ ಸಿಂಹ ಇದ್ರೆ ಅದೇ ನಮ್ಮವ್ವ."

ಮಾವನ ಕೈಯಿಂದ ಗುದ್ದಲಿ ಜಾರಿತು. ಶ್ರೀಕಂಠಪ್ಪನವರು ಮುಖ ತಿರುಗಿಸಿಕೊಂಡು ಆಚೆ ಹೋಗಿ ನಿಂತರು. ಪ್ರತಿ ಸಲವೂ ಏನಾದರೊಂದು ಬುದ್ಧಿ ಹೇಳುತ್ತಿದ್ದ ಮೇಷ್ಟ್ರು ಬಾಯಿ ತೆರೆದರು, ಏನೂ ತೋಚಲಿಲ್ಲ, ಮುಚ್ಚಿದರು. ಬೋರ ಅವರ ಮುಖವನ್ನೇ ನೋಡುತ್ತಾ ಕಾದ. ಇನ್ನು ಮುಂದೆ ಏನು ಮಾಡಬೇಕು ಅಂತ ಯಾರಾದರೂ ಹೇಳುತ್ತಾರೆ ಅಂತ ಅವನಿಗೆ ನಂಬಿಕೆ.